ಎದುರಿಗೆ ನಿಂತವನ ಬಲ

ನಮ್ಮ ಡ್ರೈವರಣ್ಣ ಹೋದ ತಿಂಗಳು ನಿವೃತ್ತರಾದರು. ಖಾಸಗಿ ಬಸ್ಸಿನವರಿಗೂ ನಿವೃತ್ತಿ ಇರುತ್ತದೆಯೇ ಎಂದು ನೀವು ಕೇಳಬಹುದು. ಇರುವುದಿಲ್ಲ. ಒಂದು ಬೆಳಿಗ್ಗೆ ಬಂದು, ದಿನದಂತೆ ಬಸ್ಸನ್ನು ಒಂದು ಸುತ್ತು ಹಾಕಿ, ಆರೂ ಟೈರುಗಳನ್ನು ಅಂಗೈಯಿಂದ ತಟ್ಟಿ, "ಇನ್ನು ಸಾಕಪ್ಪ" ಅಂದರು. ಚಳ್ಳಕೆರೆ ಬಸ್ ನಿಲ್ದಾಣದ ಚಾ ಅಂಗಡಿಯ ಮುಂದೆ ನಾವು ನಾಲ್ಕು ಜನ ಸೇರಿ ಒಂದು ಶಾಲು ಹೊದಿಸಿದೆವು. ಅವರು ಅದನ್ನು ಮಡಚಿ ಡ್ರೈವರ್ ಸೀಟಿನ ಮೇಲೆ ಹಾಸಿ, "ಮುಂದೆ ಕೂರೋನ ಬೆನ್ನಿಗೆ ಆಗ್ತೈತೆ" ಎಂದು ಹೇಳಿ, ನನ್ನ ಕಡೆ ತಿರುಗಿ ಮೊಳಕಾಲ್ಮೂರಿಗೆ ಒಂದು ಟಿಕೆಟ್ ಕೇಳಿದರು. ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ ದುಡಿದಿದ್ದೇವೆ, ಅವರಿಗೆ ನಾನು ಟಿಕೆಟ್ ಕೊಟ್ಟಿದ್ದು ಅದೇ ಮೊದಲು.

ಅವತ್ತು "ನಾಲ್ಕು ಮಾತಾಡೋ" ಎಂದು ಎಲ್ಲರೂ ನನ್ನನ್ನು ಮುಂದೆ ತಳ್ಳಿದ್ದರು. ನನ್ನದು ಕಂಡಕ್ಟರನ ಬಾಯಿ, ಎಂಜಿನ್ ಸದ್ದನ್ನೂ ಮೀರಿಸುತ್ತದೆ ಎಂಬ ಹೆಸರಿದೆ. ಆ ಬಾಯಿಯಿಂದ ಅವತ್ತು ಒಂದು ಮಾತೂ ಹೊರಡಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. "ಹೆಸರು ಹಾಕಿದ್ರೆ ನೆಂಟರು ಓದ್ತಾರೆ, ಓದಿದ ಮ್ಯಾಲೆ ತಪ್ಪು ಹುಡುಕ್ತಾರೆ" ಎಂದು ಅವರೇ ಹೇಳಿದ್ದಾರೆ. ದಾರಿಯ ಮಂದಿಗೆಲ್ಲ ಅವರು ಡ್ರೈವರಣ್ಣನೇ, ಇಲ್ಲಿಯೂ ಹಾಗೇ ಇರಲಿ.

ಎತ್ತರದ ಆಳು, ಸಣಕಲು ಮೈ. ಕೊರಳಲ್ಲಿ ಸದಾ ಒಂದು ಹಳದಿ ಟವೆಲ್. ಊರು ಮೊಳಕಾಲ್ಮೂರು, ಮನೆಮಾತು ತೆಲುಗು. ಮನುಷ್ಯರ ಹತ್ತಿರ ಕನ್ನಡ ಮಾತಾಡುತ್ತಿದ್ದರು, ಯಂತ್ರದ ಹತ್ತಿರ ತೆಲುಗು. ಚಳಿಗಾಲದ ಬೆಳಿಗ್ಗೆ ಬಸ್ಸು ಸ್ಟಾರ್ಟ್ ಆಗದಿದ್ದರೆ "ರಾ ನಾಯನಾ, ರಾ" ಎಂದು ರಮಿಸುತ್ತಿದ್ದರು. ಅದು ಬರುತ್ತಿತ್ತು ಕೂಡ. ನಾನು ಕನ್ನಡದಲ್ಲಿ ಬೈದರೆ ಬರುತ್ತಿರಲಿಲ್ಲ.

ಹಾರ್ನ್ ಹೊಡೆಯುವುದು ಅವರಿಗೆ ಆಗದು. ನಾನು ನನ್ನಿವಾಳದ ಕುರಿ ಕಾಯುವ ಮನೆಯವನು, ಆದ್ದರಿಂದ ಇದನ್ನು ಬೇಗ ಗಮನಿಸಿದೆ. ನಮ್ಮ ದಾರಿಯಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಕುರಿಹಿಂಡು ಅಡ್ಡ ಬರುತ್ತದೆ. ಡ್ರೈವರಣ್ಣ ಬಸ್ಸು ನಿಲ್ಲಿಸಿ, ಎಂಜಿನ್ ಆರಿಸಿ, ಟವೆಲಿನಿಂದ ಮುಖ ಒರೆಸಿಕೊಂಡು ಕೂತುಬಿಡುವರು. ಹಿಂದಿನ ಸೀಟಿನವರು ಗೊಣಗಿದರೆ, "ಕುರಿಗೆ ಹಾರ್ನ್ ಹೊಡೆದ್ರೆ ಅದು ಓಡೋದು ನಾವು ಹೋಗೋ ಕಡೆಗೇ. ಸುಮ್ಕಿದ್ರೆ ಅದರ ದಾರಿ ಅದು ನೋಡ್ಕಂತೈತೆ" ಎನ್ನುವರು. ನಮ್ಮಪ್ಪನೂ ಹಾಗೇ ಹೇಳುತ್ತಿದ್ದ. ಅವತ್ತಿನಿಂದಲೇ ನಾನು ಅವರನ್ನು ನಮ್ಮವರು ಅಂದುಕೊಂಡುಬಿಟ್ಟೆ.

ಇಂಥವರ ಕೈಗೆ ಒಂದು ಆಟಿಕೆ ಹೆಲಿಕಾಪ್ಟರ್ ಬಂತು. ಆಟಿಕೆ ಎಂದರೆ ಅವರು ಇವತ್ತಿಗೂ ಒಪ್ಪುವುದಿಲ್ಲ. ನಮ್ಮ ಬಸ್ಸಿನಲ್ಲಿ ದಿನಾ ಮೊಳಕಾಲ್ಮೂರಿಗೆ ಓಡಾಡುತ್ತಿದ್ದ ಒಬ್ಬ ಫಿಸಿಕ್ಸ್ ಮೇಷ್ಟ್ರು ವರ್ಗವಾಗಿ ಹೋಗುವಾಗ ಒಂದು ಉದ್ದನೆಯ ರಟ್ಟಿನ ಡಬ್ಬಿಯನ್ನು ಡ್ರೈವರಣ್ಣನಿಗೆ ಕೊಟ್ಟು ಹೋದರು. ಒಳಗೆ ನನ್ನ ತೋಳಿನುದ್ದದ ಹೆಲಿಕಾಪ್ಟರ್, ಎರಡು ಕಡ್ಡಿಗಳಿರುವ ರಿಮೋಟು, ಬ್ಯಾಟರಿಗಳು. ಬಲಗೈಯ ಕಡ್ಡಿ ವಾಲಿಸುವುದಕ್ಕೆ, ಎಡಗೈಯದು ಏರಿಸಿ ಇಳಿಸಿ ಮೂತಿ ತಿರುಗಿಸುವುದಕ್ಕೆ. ಮೇಷ್ಟ್ರು ಹೋಗುವಾಗ ಒಂದು ಮಾತು ಹೇಳಿದರು: "ಬಾಲ ನಮ್ಮ ಕಡೆ ಇಟ್ಟುಕೊಂಡು ಯಾರು ಬೇಕಾದರೂ ನಿಲ್ಲಿಸುತ್ತಾರೆ. ಮೂತಿ ನಮ್ಮ ಕಡೆ ತಿರುಗಿಸಿ ಗಾಳಿಯಲ್ಲಿ ಒಂದು ನಿಮಿಷ ನಿಲ್ಲಿಸಬೇಕು, ಅದು ಕಷ್ಟ. ಎರಡು ವರ್ಷ ಒದ್ದಾಡಿ ನಾನು ಕೈಬಿಟ್ಟೆ." ಡ್ರೈವರಣ್ಣ ಡಬ್ಬಿಯನ್ನು ಮನೆಯ ಬೀರುವಿನ ಮೇಲಿಟ್ಟರು. ಅದು ಅಲ್ಲಿಯೇ ಒಂದು ವರ್ಷ ಧೂಳು ತಿಂದಿತು.

ಅದು ಕೆಳಗಿಳಿದದ್ದು ಏಕೆ ಎನ್ನುವುದನ್ನು ಹೇಳಲೇಬೇಕು. ಹೇಳುವುದು ನನಗೆ ಸುಲಭವಲ್ಲ.

ನಾಲ್ಕು ವರ್ಷದ ಕೆಳಗಿನ ಆಷಾಢ. ಮೊಳಕಾಲ್ಮೂರು ದಾಟಿ ದೇವಸಮುದ್ರಕ್ಕೆ ಹೋಗುವ ದಾರಿಯಲ್ಲಿ ಸೇತುವೆ ಕೆಲಸ ನಡೆದಿತ್ತು. ಪಕ್ಕದಲ್ಲಿ ಬಸ್ಸಿನಗಲದ ಒಂದು ಮಣ್ಣಿನ ದಾರಿ ಮಾಡಿದ್ದರು. ನಮ್ಮ ಸೀಮೆಗೆ ಅಪರೂಪಕ್ಕೆ ಬರುವ ಮಳೆ ಹಿಂದಿನ ದಿನವೇ ಬಂದು ಹೋಗಿತ್ತು. ನಾನು ಇಳಿದು ಬಸ್ಸಿನ ಮುಂದೆ, ಡ್ರೈವರಣ್ಣನಿಗೆ ಮುಖ ಮಾಡಿ, ಹಿಂದಕ್ಕೆ ಹೆಜ್ಜೆ ಹಾಕುತ್ತ ದಾರಿ ತೋರಿಸುತ್ತಿದ್ದೆ. ನನ್ನ ಎಡಗಡೆಯ ಅಂಚು ಕುಸಿಯುವ ಹಾಗೆ ಕಂಡಿತು. "ಬಲಕ್ಕೆ, ಬಲಕ್ಕೆ" ಎಂದು ಕೂಗಿದೆ. ನನ್ನ ಬಲಕ್ಕೆ. ಕೈ ತೋರಿಸಿದ್ದರೆ ತಿಳಿಯುತ್ತಿತ್ತೇನೋ, ಒಂದು ಕೈಯಲ್ಲಿ ಟಿಕೆಟ್ ಮಷೀನು, ಇನ್ನೊಂದರಲ್ಲಿ ಬ್ಯಾಗು. ಡ್ರೈವರಣ್ಣ ತಮ್ಮ ಬಲಕ್ಕೆ ತಿರುಗಿಸಿದರು. ಮುಂದಿನ ಚಕ್ರ ಅಂಚಿನಿಂದ ಜಾರಿ ಬಸ್ಸು ಮಣ್ಣಿನ ದಿಬ್ಬಕ್ಕೆ ಒರಗಿ ನಿಂತಿತು. ಮುಂದಿನ ಸೀಟಿನಲ್ಲಿದ್ದ ದೇವಸಮುದ್ರದ ಅಜ್ಜಿಯೊಬ್ಬರ ಮಣಿಕಟ್ಟು ಮುರಿಯಿತು.

ಸಂಜೆ ಚಳ್ಳಕೆರೆಯ ಶೆಡ್ಡಿನಲ್ಲಿ ಮಾಲೀಕರು ಇಬ್ಬರನ್ನೂ ನಿಲ್ಲಿಸಿ ಕೇಳಿದರು, "ಯಾರ ತಪ್ಪಿದು?"

"ಸ್ಟೇರಿಂಗ್ ನನ್ನ ಕೈಯಾಗಿತ್ತು. ತಪ್ಪು ನಂದೇ" ಎಂದರು ಡ್ರೈವರಣ್ಣ.

ನಾನು ನೆಲ ನೋಡುತ್ತಿದ್ದೆ. ಕೆಲಸ ಹೋಗುತ್ತದೆಂಬ ಭಯ. ಬಾಯಿ ಬಿಡಲಿಲ್ಲ.

ನನ್ನನ್ನು ಹೊರಗೆ ಕಳಿಸಿ ಮಾಲೀಕರ ಹತ್ತಿರ ಅವರೊಬ್ಬರೇ ಸ್ವಲ್ಪ ಹೊತ್ತು ಮಾತಾಡಿದರು. ಬಾಗಿಲ ಹತ್ತಿರ ಕೊನೆಯ ಮಾತು ಮಾತ್ರ ನನಗೆ ಕೇಳಿಸಿತು. ಬಸ್ಸಿನ ಕೀಲಿಯನ್ನು ಮೇಜಿನ ಮೇಲಿಟ್ಟು, "ನನಗೆ ಒಂದು ವಿದ್ಯೆ ಕಮ್ಮಿ ಐತೆ. ಕಲ್ತು ಬರ್ತೀನಿ" ಅಂದರು.

"ಮೂವತ್ತು ವರ್ಷ ಗಾಡಿ ಹೊಡೆದೋನು ಇನ್ನೇನು ಕಲೀತೀಯಪ್ಪ? ನಾನು ಶೇಂಗಾ ಕೀಳೋ ಕಾಲದವರೆಗೂ ಕಾಯ್ತೀನಿ. ಆಮೇಲೆ ಜನ ಜಾಸ್ತಿ ಆಗ್ತಾರೆ, ಬೇರೆಯೋನನ್ನ ಕಾಯಂ ಮಾಡ್ಕಂತೀನಿ."

"ಅಷ್ಟು ದಿನ ಸಾಕ್ರಿ."

ಮರುದಿನದಿಂದ ಡ್ರೈವರಣ್ಣ ಅದೇ ಶೆಡ್ಡಿನಲ್ಲಿ ಬಸ್ಸು ತೊಳೆಯತೊಡಗಿದರು. ವಾರಕ್ಕೊಮ್ಮೆ ದೇವಸಮುದ್ರಕ್ಕೆ ಹೋಗಿ ಆ ಅಜ್ಜಿಯ ಮನೆಗೆ ನೀರು ತುಂಬಿಸಿಕೊಟ್ಟು ಬರುವರು. ಬಸ್ಸಿಗೆ ಹೊಸ ಡ್ರೈವರ್ ಬಂದ. ಅವನಿಗೆ ಬ್ರೇಕಿಗಿಂತ ಹಾರ್ನಿನ ಮೇಲೆ ನಂಬಿಕೆ ಜಾಸ್ತಿ. ನಾಲ್ಕನೇ ದಿನ ಬೆಳಿಗ್ಗೆ ಡ್ರೈವರಣ್ಣ ನನ್ನನ್ನು ಕರೆದು, "ನಾಳೆ ಆರಕ್ಕೆ ಹಳೇ ಎಣ್ಣೆಮಿಲ್ಲಿನ ಕಣಕ್ಕೆ ಬಾರಲೇ. ನಿನ್ನ ಬಾಯಿ ಬೇಕು" ಅಂದರು. ಬೈಯುವುದಕ್ಕೆ ಕರೆಯುತ್ತಿದ್ದಾರೆ ಎಂದುಕೊಂಡೆ. ಬೈದರೆ ಹಗುರಾಗುತ್ತದೆ ಎಂದೂ ಅನ್ನಿಸಿತು.

ಮುಚ್ಚಿಹೋದ ಆ ಮಿಲ್ಲಿನ ಹಿಂದೆ ಹಿಂದೊಮ್ಮೆ ಶೇಂಗಾ ಒಣಗಿಸುತ್ತಿದ್ದ ದೊಡ್ಡ ಕಣವಿದೆ. ಸುತ್ತ ಗೋಡೆ. ಒಂದು ಬದಿಗೆ ಬೇವಿನಮರ, ಇನ್ನೊಂದು ಬದಿಗೆ ಹಳೇ ಬಾವಿ. ಏಳೂವರೆಯ ಮೇಲೆ ನಮ್ಮಲ್ಲಿ ಗಾಳಿ ಏಳುತ್ತದೆ, ಅಷ್ಟರೊಳಗೆ ಕೆಲಸ ಮುಗಿಯಬೇಕು. ನಾನು ಹೋದಾಗ ಡ್ರೈವರಣ್ಣ ಹೆಲಿಕಾಪ್ಟರಿನ ಕಾಲಿಗೆ ಎರಡು ಬಿದಿರುಕಡ್ಡಿಗಳನ್ನು ಅಡ್ಡಡ್ಡ ಕಟ್ಟಿ, ನಾಲ್ಕೂ ತುದಿಗೆ ಪ್ಲಾಸ್ಟಿಕ್ ಚೆಂಡು ಸಿಕ್ಕಿಸುತ್ತಿದ್ದರು, ಇಳಿಯುವಾಗ ಮಗುಚದಿರಲಿ ಎಂದು. ಸುತ್ತು ಹಾಕಿ ಅದರ ಕಾಲುಗಳನ್ನೂ ಅಂಗೈಯಿಂದ ತಟ್ಟಿದರು.

"ಇದು ನನ್ನ ಮುಖ ನೋಡ್ಕಂಡು ಒಂದು ನಿಮಿಷ ನಿಲ್ಲಬೇಕು. ನಿಂತ ದಿನ ನಾನು ಸೀಟಿಗೆ ಹೋಗೋದು. ಅಲ್ಲಿಗಂಟ ಇಲ್ಲ" ಅಂದರು.

"ಇದಕ್ಕೂ ಬಸ್ಸಿಗೂ ಏನು ಸಂಬಂಧ ಅಣ್ಣ?"

"ನೀನು ಟೈಮ್ ನೋಡ್ಕ, ಸಾಕು."

ನಾನು ಗಡಿಯಾರ ನೋಡುತ್ತ ಕೂತರೆ ಎಷ್ಟು ಹೊತ್ತಾಯಿತೆಂದು ಅವರಿಗೆ ತಿಳಿಯುವುದು ಹೇಗೆ? ಅದಕ್ಕೊಂದು ಉಪಾಯ ಅವರೇ ಹುಡುಕಿಟ್ಟಿದ್ದರು. ಬಸ್ ನಿಲ್ದಾಣದಲ್ಲಿ ನಾನು ಹೊರಡುವ ಮುಂಚೆ ನಮ್ಮ ದಾರಿಯ ಸ್ಟಾಪುಗಳನ್ನೆಲ್ಲ ಒಂದೇ ರಾಗದಲ್ಲಿ ಕೂಗುತ್ತೇನೆ. ಎಪಿಎಂಸಿಯಿಂದ ಶುರುವಾಗಿ ಎಣ್ಣೆಮಿಲ್ಲು, ಜೋಡಿಬೇವು, ತಳಕು, ಬಿ.ಜಿ. ಕೆರೆ, ಹಾನಗಲ್ಲು, ಮೊಳಕಾಲ್ಮೂರು ಎಂದು, ನಡುವೆ ಹಟ್ಟಿಗಳಿಗೆ ತಿರುಗುವ ಗೇಟ್ ಸ್ಟಾಪುಗಳನ್ನೂ ಸೇರಿಸಿಕೊಂಡು ದೇವಸಮುದ್ರ ಮುಟ್ಟುವ ಹೊತ್ತಿಗೆ ಸರಿಯಾಗಿ ಒಂದು ನಿಮಿಷ. ಇಷ್ಟು ವರ್ಷ ನನಗೇ ಅದು ಗೊತ್ತಿರಲಿಲ್ಲ. ಡ್ರೈವರಣ್ಣ ಸೀಟಿನಲ್ಲಿ ಕೂತು ಲೆಕ್ಕ ಹಾಕಿದ್ದರು.

ಬಾಲ ನಮ್ಮ ಕಡೆ ಇದ್ದಾಗ ನಮ್ಮ ಬಲವೂ ಹೆಲಿಕಾಪ್ಟರಿನ ಬಲವೂ ಒಂದೇ. ಬಲಕ್ಕೆ ಹೋಗಲು ಕಡ್ಡಿಯನ್ನು ಬಲಕ್ಕೆ ಒತ್ತಿದರಾಯಿತು. ಹತ್ತು ದಿನದಲ್ಲಿ ಅವರು ಹಾಗೆ ನಿಲ್ಲಿಸುವುದನ್ನು ಕಲಿತರು, ದೇವಸಮುದ್ರ ದಾಟಿ ಆಂಧ್ರದ ಗಡಿಯವರೆಗೂ ಹೋದೆವು ಎಂದು ನಾನು ತಮಾಷೆ ಮಾಡಿದೆ. ಆದರೆ ಮೂತಿ ತಿರುಗಿ ಅದು ನಮ್ಮನ್ನೇ ನೋಡತೊಡಗಿದ ಕೂಡಲೇ ಎಲ್ಲ ತಿರುಗುಮುರುಗು. ಬಲಕ್ಕೆ ಒತ್ತಿದರೆ ಎಡಕ್ಕೆ ಹೋಗುತ್ತದೆ. ಮೈಮೇಲೆ ಬರುತ್ತಿದೆ ಎಂದು ಕಡ್ಡಿಯನ್ನು ಮುಂದಕ್ಕೆ ತಳ್ಳಿದರೆ ಇನ್ನಷ್ಟು ಜೋರಾಗಿ ಮೈಮೇಲೆ ಬರುತ್ತದೆ. ಹಾಗೆ ಮೂತಿ ತಿರುಗಿಸಿದ ಮೊದಲ ದಿನ ಡ್ರೈವರಣ್ಣ ತಳ್ಳಿಯೇಬಿಟ್ಟರು. ನಾನು ಎಪಿಎಂಸಿ ಎನ್ನುವಷ್ಟರಲ್ಲಿ ನೆಲಕ್ಕೆ ಬೋರಲು ಬಿದ್ದೆ, ಅದು ನನ್ನ ತಲೆಯ ಮೇಲೆ ಹಾದು ಗೋಡೆಗೆ ಬಡಿಯಿತು. ರೆಕ್ಕೆಯ ಒಂದು ಚೂರು ಹಾರಿ ಬೇವಿನಮರಕ್ಕೆ ಚುಚ್ಚಿಕೊಂಡಿತು. ಇವತ್ತು ಹೋದರೂ ನೋಡಬಹುದು.

ಅವರು ಬೈಯಲಿಲ್ಲ, ಬೆಚ್ಚಲಿಲ್ಲ. ಮುರಿದದ್ದನ್ನೆಲ್ಲ ಟವೆಲಿನಲ್ಲಿ ಕಟ್ಟಿಕೊಂಡು, "ಮೈಮ್ಯಾಲೆ ಬಂದದ್ದನ್ನ ತಳ್ಳಬಾರ್ದು ಕಣಲೇ, ಎಳ್ಕಬೇಕು. ಎಳ್ಕಂಡ್ರೆ ದೂರ ಹೋಗ್ತೈತೆ" ಎಂದು ತಮಗೇ ಹೇಳಿಕೊಂಡರು. ಮೇಷ್ಟ್ರಿಗೆ ಫೋನು ಮಾಡಿ ಹೊಸ ರೆಕ್ಕೆ ತರಿಸಿದರು. ಆ ಮಾತು ಆಮೇಲೆ ಅವರ ಗಾದೆಯೇ ಆಗಿಹೋಯಿತು. ಚಿಲ್ಲರೆಗೆ ಜಗಳ ತೆಗೆಯುವ ಪ್ರಯಾಣಿಕನ ಬಗ್ಗೆ ನಾನು ದೂರು ಹೇಳಿದರೂ "ಎಳ್ಕ, ತಳ್ಳಬೇಡ" ಎನ್ನುವರು. ಅದು ಕೆಲಸ ಮಾಡುತ್ತದೆ.

ಹೀಗೆ ಶ್ರಾವಣ ಕಳೆಯಿತು. ದಿನಾ ಮೂರು ಬ್ಯಾಟರಿ, ಬಿದ್ದರೆ ಎಷ್ಟಕ್ಕೆ ಬಿತ್ತೋ ಅಷ್ಟಕ್ಕೆ ಮುಕ್ತಾಯ. ಸೊಂಟ ಬಿಟ್ಟು ಮೇಲೆ ಏರಿಸುತ್ತಿರಲಿಲ್ಲ. ಮೂತಿಯನ್ನು ಒಂದೇ ಸಲ ತಿರುಗಿಸದೆ ಮೊದಲು ಬೇವಿನಮರದ ಕಡೆಗೆ, ಆಮೇಲೆ ಇನ್ನೊಂದಿಷ್ಟು, ಹಾಗೆ ದಿನಕ್ಕೊಂದಿಷ್ಟು ತಮ್ಮ ಕಡೆಗೆ ತರುತ್ತಿದ್ದರು. ಚಾ ಅಂಗಡಿಯಲ್ಲಿ ಯಾರಾದರೂ "ಎಲ್ಲಿಗೆ ಬಂತಣ್ಣ?" ಎಂದರೆ, "ಜೋಡಿಬೇವಿಗೆ ಬಂದೀನಿ. ತಳಕು ದಾಟಾಕೆ ಆಗ್ತಿಲ್ಲ" ಎನ್ನುವರು. ವಿಷಯ ಗೊತ್ತಿಲ್ಲದ ಒಬ್ಬ ಲಗೇಜು ಆಟೋದವನು "ಗಾಡಿ ಕೆಟ್ಟೈತಾ? ನಾನು ಬರ್ಲಾ?" ಎಂದು ಕೇಳಿದ. ಐವತ್ತೈದು ವಯಸ್ಸಿನ ಮನುಷ್ಯ ಹೀಗೆ ಆಡುವುದನ್ನು ಕಂಡು ನಕ್ಕವರೇ ಹೆಚ್ಚು. ಅವರು ನಗುವವರ ಜೊತೆ ತಾವೂ ನಕ್ಕು, ಮರುದಿನ ಆರಕ್ಕೆ ಕಣದಲ್ಲಿರುವರು.

ಒಂದು ಬೆಳಿಗ್ಗೆ ಮೊದಲ ಸಲ ಮೂತಿ ಪೂರ್ತಿ ನಮ್ಮ ಕಡೆ ತಿರುಗಿ ಅದು ಅಲುಗಾಡದೆ ನಿಂತಿತು. ತಳಕು ದಾಟಿತು, ಬಿ.ಜಿ. ಕೆರೆಯೂ ಬಂತು. ಹಿಗ್ಗು ತಡೆಯಲಾರದೆ ನಾನು "ರೈಟ್, ರೈಟ್" ಎಂದು ಕೂಗಿಬಿಟ್ಟೆ. ನಮ್ಮ ಕೆಲಸದಲ್ಲಿ ರೈಟ್ ಎಂದರೆ ಸರಿ, ಹೊರಡು, ನಡೀಲಿ ಎಂದು ಅರ್ಥ. ದಿನಕ್ಕೆ ನೂರು ಸಲ ಹೇಳುವ ಮಾತು. ಆದರೆ ಡ್ರೈವರಣ್ಣನ ಕೈ ಆ ಗಳಿಗೆಯಲ್ಲಿ ಬಲ ಎಡದ ಗುಂಗಿನಲ್ಲಿತ್ತು. ಕಡ್ಡಿ ಬಲಕ್ಕೆ ಹೋಯಿತು. ಹೆಲಿಕಾಪ್ಟರ್ ಎಡಕ್ಕೆ ಹಾರಿ ಬಾವಿಯ ಕಟ್ಟೆಗೆ ಬಡಿದು, ಬಾಲ ಎರಡು ತುಂಡಾಯಿತು.

ಮತ್ತೆ ನನ್ನದೇ ಬಾಯಿ, ಮತ್ತೆ ಅದೇ ಬಲ.

"ಅಣ್ಣ, ತಪ್ಪು ನಂದು" ಅಂದೆ. ಆಷಾಢದಲ್ಲಿ ಹೇಳಬೇಕಾಗಿದ್ದ ಮಾತು ಭಾದ್ರಪದದಲ್ಲಿ ಬಂತು.

ಅವರು ಬಾಲದ ತುಂಡುಗಳನ್ನು ಜೋಡಿಸಿ ನೋಡುತ್ತ, "ಕಡ್ಡಿ ನನ್ನ ಕೈಯಾಗಿತ್ತಲ್ಲ" ಅಂದರು. ನಾನು ಅದರ ಬದಲು ಎರಡೇಟು ತಿನ್ನಲು ಸಿದ್ಧನಿದ್ದೆ.

ಹೊಸ ಬಾಲ ಬರಲು ವಾರವಾಯಿತು. ಅಷ್ಟರಲ್ಲಿ ಹೊಲಗಳಲ್ಲಿ ಶೇಂಗಾ ಬಳ್ಳಿ ಹಳದಿಗೆ ತಿರುಗಿತ್ತು. ಮಾಲೀಕರು ನನ್ನನ್ನು ಕರೆದು, "ಇನ್ನು ಹದಿನೈದು ದಿನಕ್ಕೆ ಬರೋ ಸೋಮವಾರದವರೆಗೂ ನೋಡ್ತೀನಿ. ಅವತ್ತು ಅವನು ಬರದಿದ್ರೆ ಹೊಸಬನೇ ಕಾಯಂ. ಹೇಳು ಅವನಿಗೆ" ಎಂದರು. ನಾನು ಹೇಳಿದೆ. "ಹಾಂ" ಎಂದು ಟೈರು ತೊಳೆಯುವುದನ್ನು ಮುಂದುವರಿಸಿದರು. ಹಠ ಎಂದರೆ ಹಲ್ಲು ಕಚ್ಚುವುದು ಎಂದು ನಾನು ತಿಳಿದಿದ್ದೆ. ಅವರ ಹಠದಲ್ಲಿ ಮುಖ ಕೂಡ ಬದಲಾಗುತ್ತಿರಲಿಲ್ಲ. ಬೆಳಿಗ್ಗೆ ಹೊಸ ಬಾಲದ ಹೆಲಿಕಾಪ್ಟರ್ ಜೋಡಿಬೇವಿಗೇ ಬಿತ್ತು. ಮರುದಿನವೂ ಅಲ್ಲಿಗೇ. ಬಿ.ಜಿ. ಕೆರೆ ಮುಟ್ಟಿದ್ದ ಕೈ ಈಗ ಬಲ ಎಡ ಎಂದು ಯೋಚಿಸುವಷ್ಟರಲ್ಲಿ ತಡವಾಗುತ್ತಿತ್ತು.

"ತಲೆಯಾಗೆ ತಿರುಗಿಸ್ಕಂಡು ಕೈಗೆ ಹೇಳೋ ಹೊತ್ತಿಗೆ ಅದು ಬಿದ್ದಿರ್ತೈತೆ" ಎಂದು ಮೊದಲ ಸಲ ಬೇಸರದಿಂದ ಹೇಳಿದರು. ನನಗೆ ಹೆದರಿಕೆಯಾಯಿತು. ಆ ಭಾನುವಾರ ಅವರನ್ನು ನಮ್ಮ ನನ್ನಿವಾಳದ ಮನೆಗೆ ಊಟಕ್ಕೆ ಕರೆದುಕೊಂಡು ಹೋದೆ.

ಮುದ್ದೆ ಬಡಿಸಬೇಕಾಗಿದ್ದ ಅವ್ವ ಮನೆಯಲ್ಲಿರಲಿಲ್ಲ. ಹಿತ್ತಿಲ ಕುರಿ ರೊಪ್ಪದಲ್ಲಿ ಒಂದು ಕುರಿ ಆಗಷ್ಟೇ ಮರಿ ಹಾಕಿತ್ತು. ಅವ್ವ ಕುಕ್ಕರಗಾಲಲ್ಲಿ ಕೂತು ಮರಿಯನ್ನು ತನ್ನೆದುರಿಗೆ ನಿಲ್ಲಿಸಿಕೊಂಡಿದ್ದಳು. ಮರಿಯ ಕಾಲು ಇನ್ನೂ ನಡುಗುತ್ತಿತ್ತು. ಅದು ಅವ್ವನ ಮುಖ ನೋಡುತ್ತ ಒಮ್ಮೆ ಈಚೆಗೆ, ಒಮ್ಮೆ ಆಚೆಗೆ ವಾಲುವುದು, ಅವ್ವ ಮುಟ್ಟಿಯೂ ಮುಟ್ಟದ ಹಾಗೆ ಅಂಗೈ ಕೊಡುವಳು, ಅದು ಮತ್ತೆ ನೆಟ್ಟಗಾಗುವುದು. ಡ್ರೈವರಣ್ಣ ರೊಪ್ಪದ ಬೇಲಿ ಹಿಡಿದು ನೋಡುತ್ತ ನಿಂತುಬಿಟ್ಟರು.

"ಅಕ್ಕ, ಅದು ನಿಮ್ಮ ಎದುರಿಗೆ ಐತೆ. ಅದರ ಬಲ ಯಾವುದು, ನಿಮ್ಮ ಬಲ ಯಾವುದು ಅಂತ ಹೆಂಗೆ ಗೊತ್ತಾಗ್ತೈತೆ?" ಎಂದು ಕೇಳಿದರು.

ಅವ್ವ ತಲೆ ಎತ್ತದೆಯೇ, "ಬಲ ಎಡ ಯಾರು ನೋಡ್ತಾರಪ್ಪ? ಬೀಳೋ ಕಡೆಗೆ ಕೈ ಕೊಡಾದು" ಅಂದಳು.

ಡ್ರೈವರಣ್ಣ ಅಲ್ಲಿಯೇ ನಿಂತು ಎರಡೂ ಹೆಬ್ಬೆರಳುಗಳನ್ನು ಗಾಳಿಯಲ್ಲಿ ಆಡಿಸತೊಡಗಿದರು. ಮರಿ ಅವರ ಎಡಕ್ಕೆ ವಾಲಿದರೆ ಬಲಗೈಯ ಹೆಬ್ಬೆರಳು ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ. ಎದುರಿಗೆ ನಿಂತ ಹೆಲಿಕಾಪ್ಟರಿಗೂ ಅದೇ ಲೆಕ್ಕ. ಅದು ನಮ್ಮ ಯಾವ ಬದಿಗೆ ವಾಲುತ್ತದೋ ಆ ಬದಿಗೇ ಕಡ್ಡಿ ಕೊಟ್ಟರೆ ನೆಟ್ಟಗಾಗುತ್ತದೆ. ಯೋಚನೆಯೇ ಬೇಕಿಲ್ಲ. ಮೇಷ್ಟ್ರಿಗೆ ಎರಡು ವರ್ಷದಲ್ಲಿ ಹೊಳೆಯದಿದ್ದುದು ಅವ್ವನಿಗೆ ಗೊತ್ತಿತ್ತು, ಅವಳಿಗೆ ಗೊತ್ತಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಅವತ್ತು ಡ್ರೈವರಣ್ಣ ಎರಡು ಮುದ್ದೆ ಉಂಡು, ಕೈ ತೊಳೆದು, ಅವ್ವನ ಕಾಲಿಗೆ ನಮಸ್ಕಾರ ಮಾಡಿದರು. ಸಾರಿನ ರುಚಿಗೆ ಇಷ್ಟೊಂದು ಮರ್ಯಾದೆಯೇ ಎಂದು ಅವಳು ನಾಚಿಕೊಂಡಳು.

ಆಮೇಲೆ ದಿನಕ್ಕೆರಡು ಸ್ಟಾಪಿನಂತೆ ಮುಂದೆ ಹೋದೆವು. ತಳಕು ದಾಟಿತು. ಬಿ.ಜಿ. ಕೆರೆ ದಾಟಿತು. ಹಾನಗಲ್ಲಿನಲ್ಲಿ ಮೂರು ದಿನ ನಿಂತೆವು, ಏಕೆಂದರೆ ಅಷ್ಟು ಹೊತ್ತಿಗೆ ಅವರ ಹೆಬ್ಬೆರಳು ಬೆವರಿ ಜಾರುತ್ತಿತ್ತು. ಟವೆಲಿನ ಅಂಚು ಹರಿದು ಬೆರಳಿಗೆ ಸುತ್ತಿಕೊಂಡರು. ನಾನು ಬಾಯಲ್ಲಿ ಸ್ಟಾಪುಗಳ ಹೆಸರು ಬಿಟ್ಟು ಬೇರೆ ಒಂದಕ್ಷರ ಬಾರದಂತೆ ಎಚ್ಚರವಾಗಿದ್ದೆ.

ಸೋಮವಾರಕ್ಕೆ ಮುಂಚಿನ ಭಾನುವಾರ. ಬೆಳಿಗ್ಗೆಯೇ ಗಾಳಿ ಸ್ವಲ್ಪ ಎದ್ದಿತ್ತು, ಬೇವಿನ ಎಲೆ ಅಲ್ಲಾಡುತ್ತಿತ್ತು. ಮೊದಲ ಬ್ಯಾಟರಿ ಹಾನಗಲ್ಲಿಗೆ ಮುಗಿಯಿತು. ಎರಡನೆಯದರಲ್ಲಿ ಎಪಿಎಂಸಿಯಲ್ಲೇ ಗಾಳಿ ಬೀಸಿ ಇಳಿಸಬೇಕಾಯಿತು. ಉಳಿದದ್ದು ಒಂದು.

"ನಾಳೆ ಬಸ್ಸಿಗೆ ಹೋಗಿ ಕೂತ್ಕಳ್ರಿ ಅಣ್ಣ. ಇಷ್ಟು ಕಲ್ತಿದ್ದು ಸಾಲದಾ? ಯಾರು ನೋಡ್ತಾರೆ?" ಅಂದೆ.

"ನಾನು ನೋಡ್ತೀನಲ್ಲ" ಎಂದು ಬ್ಯಾಟರಿ ಸಿಕ್ಕಿಸಿದರು.

ಎದ್ದಿತು. ಸೊಂಟದೆತ್ತರಕ್ಕೆ ಬಂದು ನಿಧಾನಕ್ಕೆ ತಿರುಗಿ ನಮ್ಮನ್ನು ನೋಡಿತು. ನಾನು ಶುರು ಮಾಡಿದೆ. ತಳಕಿನ ಹತ್ತಿರ ಬಾವಿಯ ಕಡೆಗೆ ವಾಲಿತು, ಅವರ ಹೆಬ್ಬೆರಳು ಅದೇ ಕಡೆಗೆ ಹೋಯಿತು, ನೆಟ್ಟಗಾಯಿತು. ಹಾನಗಲ್ಲಿನಲ್ಲಿ ಮೈಮೇಲೆ ಬಂತು. ಡ್ರೈವರಣ್ಣ ಹಿಂದೆ ಸರಿಯಲಿಲ್ಲ, ಕಡ್ಡಿಯನ್ನು ತಮ್ಮ ಕಡೆಗೆ ಎಳೆದುಕೊಂಡರು, ಅದು ಹಿಂದಕ್ಕೆ ಹೋಗಿ ನಿಂತಿತು. ಮೊಳಕಾಲ್ಮೂರು ಎನ್ನುವಾಗ ನಾನು ಅವಸರಕ್ಕೆ ಬಿದ್ದೆ. "ರಾಗ ಬದಲಾಯಿಸಬ್ಯಾಡ" ಎಂದು ಕಣ್ಣು ಅಲ್ಲಾಡಿಸದೆ ಹೇಳಿದರು. ಆಮೇಲಿನ ಹಟ್ಟಿ ಗೇಟ್, ಬಂಡೆ ಗೇಟ್, ಒಂದನ್ನೂ ಬಿಡದೆ ಕೂಗಿದೆ. ದೇವಸಮುದ್ರ.

ರೈಟ್ ಎನ್ನಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹೆಲಿಕಾಪ್ಟರ್ ಇಳಿಯಿತು, ರೆಕ್ಕೆ ನಿಂತಿತು. ನನ್ನ ಕಣ್ಣಲ್ಲಿ ನೀರಿತ್ತು. "ಅಣ್ಣ, ಅವತ್ತು ಬಲಕ್ಕೆ ಅಂತ..." ಎಂದು ಶುರು ಮಾಡಿದೆ.

"ಬ್ಯಾಟರಿ ಬಿಸಿ ಐತೆ, ಮುಟ್ಟಬ್ಯಾಡ" ಎಂದು ಅವರು ಡಬ್ಬಿ ತರಲು ಹೋದರು.

ಅವರಿಗೆ ಹೇಳಲಾಗದ ಮೇಲೆ ನೆಟ್ಟಗೆ ಮಾಲೀಕರ ಮನೆಗೆ ಹೋದೆ. ಅವತ್ತು ತಪ್ಪು ನನ್ನದು, ಎದುರಿಗೆ ನಿಂತು ನನ್ನ ಬಲವನ್ನು ಹೇಳಿದವನು ನಾನು, ಬೇಕಾದರೆ ನನ್ನನ್ನು ತೆಗೆಯಿರಿ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಮಾಲೀಕರು ಎಲೆಅಡಿಕೆ ಜಗಿಯುತ್ತಿದ್ದವರು ನಿಲ್ಲಿಸಿದರು.

"ಅದನ್ನ ಅವತ್ತೇ ನಿನ್ನ ಹೊರಗೆ ಕಳಿಸಿ ಅವನೇ ಹೇಳಿದ್ನಲ್ಲ. ಹುಡುಗ ಹೇಳಿದ್ದು ಅವನ ಕಡೆಯಿಂದ ಸರಿಯಾಗೇ ಇತ್ತು, ಅವನ್ನ ತೆಗೀಬ್ಯಾಡ್ರಿ ಅಂತ. ನಾಲ್ಕು ತಿಂಗಳು ಬೇಕಾಯ್ತಾ ನಿನಗೆ ಇಲ್ಲಿಗೆ ಬರಾಕೆ?"

ಬೇಕಾಯಿತು.

ಸೋಮವಾರ ಡ್ರೈವರಣ್ಣ ಬಸ್ಸನ್ನು ಒಂದು ಸುತ್ತು ಹಾಕಿ, ಆರೂ ಟೈರು ತಟ್ಟಿ ಸೀಟಿಗೆ ಹತ್ತಿದರು. ಬೆಳಗಿನ ಬಸ್ಸು ತುಂಬಿತ್ತು. ಮೊಳಕಾಲ್ಮೂರಿನಲ್ಲಿ ದೇವಸಮುದ್ರದ ಆ ಅಜ್ಜಿ ಹತ್ತಿ, ಮತ್ತೆ ಅದೇ ಮುಂದಿನ ಸೀಟಿನಲ್ಲಿ ಕೂತು, "ಇನ್ನೊಂದು ಕೈ ನೆಟ್ಟಗೈತೆ, ನೋಡ್ಕಂಡು ಹೊಡಿಯಪ್ಪ" ಅಂದರು. ಬಸ್ಸೆಲ್ಲ ನಕ್ಕಿತು. ಡ್ರೈವರಣ್ಣನೂ ನಕ್ಕರು.

ಸೇತುವೆಯ ಕೆಲಸ ಎಂದಿನಂತೆ ಮುಗಿದಿರಲಿಲ್ಲ. ಅದೇ ಮಣ್ಣಿನ ದಾರಿ, ಹಿಂಗಾರು ಮಳೆಗೆ ಅಂಚು ಮತ್ತೆ ಮೆತ್ತಗಾಗಿತ್ತು. ಅವರು ಬಸ್ಸು ನಿಲ್ಲಿಸಿ ನನ್ನ ಕಡೆ ನೋಡಿದರು.

"ಇಳಿ. ಮುಂದೆ ನಿಂತು ಹೇಳು."

"ಬ್ಯಾಡ ಅಣ್ಣ. ನಿಮ್ಮ ಬಲ ಹೇಳ್ಬೇಕೋ ನನ್ನ ಬಲ ಹೇಳ್ಬೇಕೋ ಗಾಬರಿಯಾಗೆ ಮತ್ತೆ ತಪ್ಪಿಬಿಡ್ತೀನಿ."

"ನಿನ್ನದನ್ನೇ ಹೇಳು" ಅಂದರು. "ತಿರುಗಿಸ್ಕಳ್ಳಾದು ನನ್ನ ಕೆಲಸ. ಅದನ್ನೇ ಅಲ್ವೇನಲೇ ಇಷ್ಟು ದಿನ ಕಲ್ತಿದ್ದು?"

ಇಳಿದೆ. ಬಸ್ಸಿನ ಮುಂದೆ ಅವರಿಗೆ ಮುಖ ಮಾಡಿ ನಿಂತೆ. ಒಂದು ಕೈಯಲ್ಲಿ ಟಿಕೆಟ್ ಮಷೀನು, ಇನ್ನೊಂದರಲ್ಲಿ ಬ್ಯಾಗು. ಹಿಂದಕ್ಕೆ ಹೆಜ್ಜೆ ಹಾಕುತ್ತ ಬಂದೆ. ನನ್ನ ಎಡಗಡೆಯ ಅಂಚು ಅಲ್ಲಿಯೇ ಕುಸಿಯುವಂತೆ ಕಂಡಿತು. ಕೈ ಎತ್ತಲಿಲ್ಲ. ಹೊಟ್ಟೆಯೊಳಗಿಂದ ದನಿ ತೆಗೆದು, "ಬಲಕ್ಕೆ" ಎಂದು ಕೂಗಿದೆ.

ಗಾಜಿನ ಹಿಂದೆ ಡ್ರೈವರಣ್ಣ ಸ್ಟೇರಿಂಗನ್ನು ತಮ್ಮ ಎಡಕ್ಕೆ ತಿರುಗಿಸಿದರು. ಬಸ್ಸು ನನ್ನ ಬಲಕ್ಕೆ ಬಂತು.